ಯಾರಿಗೂ ಹೇಳಬಾರದ ಅಂಕಿ

ಅಡಿಗೆಮನೆಯಿಂದ ಗಂಡಸಿನ ದನಿಯೊಂದು ‘ನಾಕು’ ಎಂದಿತು. ‘ನಾಕು’ ಎಂದಳು ಅವನ ಹೆಂಡತಿ. ದನಿ ‘ಒಂಬತ್ತು’ ಎಂದಿತು. ‘ಒಂಬತ್ತು’ ಎಂದಳು. ಭಾನುವಾರದ ಊಟ ಮುಗಿಸಿ ಮಂಚದ ಮೇಲೆ ಅಂಗಾತ ಬಿದ್ದುಕೊಂಡಿದ್ದವನಿಗೆ ಇದು ಮಗಳ ಪಾಠವಿರಬೇಕೆಂದು ಮೊದಲು ಅನ್ನಿಸಿತು; ಆದರೆ ಮಗಳು ಅವನ ಪಕ್ಕದಲ್ಲೇ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟುಕೊಂಡು ಅದರಲ್ಲೇ ಏನನ್ನೋ ಒತ್ತುತ್ತಿದ್ದಾಳೆ, ಆ ದನಿ ಎಕ್ಕನದು, ಎಕ್ಕ ಅವಳಿಗೆ ಓಟಿಪಿ ಹೇಳುತ್ತಿದ್ದಾನೆ ಎಂಬುದೆಲ್ಲ ಅವನಿಗೆ ಒಂದರ ಹಿಂದೊಂದು ತಿಳಿಯುತ್ತ ಹೋಯಿತು. ತಿಳಿಯದೆ ಇರುವುದಕ್ಕೆ ಅದೇನು ಗುಟ್ಟೂ ಆಗಿರಲಿಲ್ಲ. ‘ಕೇಳು, ಅದಕ್ಕೇನಂತೆ’ ಎಂದು ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೇಳಿದ್ದವನು ಅವನೇ. ಕೊನೆಯ ಅಂಕಿಗೆ ಅವಳು ನಕ್ಕಳು. ದೊಡ್ಡ ನಗುವೇನಲ್ಲ, ಮೂಗಿನಲ್ಲೇ ಶುರುವಾಗಿ ಮೂಗಿನಲ್ಲೇ ಮುಗಿದುಹೋಗುವಂಥದ್ದು. ಆದರೆ ಆರು ಅಂಕಿಗಳಲ್ಲಿ ನಗುವಂಥದ್ದು ಏನಿತ್ತು ಎಂದು ಅವನಿಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ತಪ್ಪು ಅವನದೇ. ಆನ್‌ಲೈನ್ ಅಂಗಡಿಯವರು ವರ್ಷಕ್ಕೆರಡು ಸಲ ದೊಡ್ಡ ಸೇಲ್ ಇಡುತ್ತಿದ್ದರು. ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಮಾತ್ರ ವಿಶೇಷ ರಿಯಾಯಿತಿ, ಅದೂ ಒಂದು ಕಾರ್ಡಿಗೆ ಒಂದೇ ಸಲ. ಆ ಬ್ಯಾಂಕಿನ ಕಾರ್ಡು ಅವನ ಹತ್ತಿರವೂ ಒಂದಿತ್ತು. ಹಳೆಯ ಫ್ರಿಜ್ಜು ಕೆಟ್ಟು ಹಾಲು ಒಡೆಯುತ್ತಿದೆ, ಸೇಲ್ ಬರಲಿ ಎಂದು ಹೆಂಡತಿ ವಾರಗಟ್ಟಲೆ ಕಾದಿದ್ದಳು. ಅವನೋ ಆ ಭಾನುವಾರ ಬೆಳಿಗ್ಗೆ ಎದ್ದವನೇ, ಮಂಚದ ಮೇಲಿಂದಲೇ, ಗಡ್ಡ ಕತ್ತರಿಸುವ ಯಂತ್ರವೊಂದನ್ನು ಕೊಂಡುಬಿಟ್ಟಿದ್ದ. ಮನೆಯಲ್ಲಿ ಒಂದು ಇರಲಿಲ್ಲವೆ, ಇತ್ತು. ಇದರಲ್ಲಿ ದೀಪ ಇತ್ತು, ಅಷ್ಟೆ. ರಿಯಾಯಿತಿ ಅದಕ್ಕೇ ಸಂದುಹೋಗಿ ಫ್ರಿಜ್ಜಿನ ಹೊತ್ತಿಗೆ ಕಾರ್ಡು ಬರಿಗೈಯಾಗಿತ್ತು. ಹೆಂಡತಿ ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಯಂತ್ರದ ಚಿತ್ರವನ್ನು ಅವನ ಫೋನಿನಲ್ಲಿ ನೋಡಿ, ‘ಚೆನ್ನಾಗಿದೆ’ ಎಂದು, ಫೋನನ್ನು ಹಿಂದಿರುಗಿಸಿ, ‘ಹೋಗ್ಲಿ ಬಿಡಿ. ಎಕ್ಕ ಅವರನ್ನ ಕೇಳ್ಲಾ?’ ಎಂದಿದ್ದಳು. ‘ಹೋಗ್ಲಿ ಬಿಡಿ’ ಎಂಬುದರಲ್ಲಿ ಏನೂ ಇರಲಿಲ್ಲ. ಎಕ್ಕನ ನಂಬರು ಅವಳ ಫೋನಿನಲ್ಲಿ ಯಾವಾಗಿನಿಂದ ಇದೆ ಎಂದು ಕೇಳಬೇಕೆನ್ನಿಸಿ ಬಾಯಿ ತೆರೆದವನು ನೊರೆಯನ್ನಷ್ಟೇ ಉಗುಳಿದ್ದ.

ಎಕ್ಕ ಅವನ ಜೊತೆ ಕೆಲಸ ಮಾಡುವವನು. ಅದೊಂದು ಹಲ್ಲಿನ ಲ್ಯಾಬು. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ಕಳಿಸಿದರೆ ಇಲ್ಲಿ ಹಲ್ಲು ಮಾಡಿಕೊಡುತ್ತಾರೆ. ಹಲ್ಲೇ ಇಲ್ಲದವರಿಗೆ ಪೂರ್ತಿ ಸೆಟ್ಟು ಕೂರಿಸುವುದು ಅವನ ಕೆಲಸ. ಮೇಣ ಕಾಯಿಸಿ, ವಸಡು ಕಟ್ಟಿ, ಅದರ ಮೇಲೆ ಒಂದೊಂದೇ ಹಲ್ಲು ನಿಲ್ಲಿಸುತ್ತ ಹೋಗುವುದು. ಅಂಗೈಯಲ್ಲಿ ಯಾರೋ ಕಾಣದ ಮುದುಕನ ನಗು ಮೂಡುತ್ತ ಬರುತ್ತದೆ. ಎಕ್ಕನದು ಕಿಟಕಿಯ ಪಕ್ಕದ ಮೇಜು. ಪಿಂಗಾಣಿಯ ಪುಡಿ ಕಲಸಿ ಸಣ್ಣ ಕುಂಚದಿಂದ ಒಂಟಿ ಹಲ್ಲುಗಳನ್ನು ಕಟ್ಟಿ ಕುಲುಮೆಗಿಡುವವನು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸುವುದರಲ್ಲಿ ಅವನದು ಎತ್ತಿದ ಕೈ. ಮಾದರಿ ಹಲ್ಲುಗಳ ಸರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಮ್ಮೆ ನೋಡಿ, ‘ಇದು, ಆದ್ರೆ ಬುಡದಲ್ಲಿ ಒಂಚೂರು ಟೀ ಕುಡಿದಿರೋದು’ ಎಂದರೆ ಅದೇ ಸರಿ. ಎಕ್ಕ ಎಂಬ ಹೆಸರು ಬಂದದ್ದು ಮಾತ್ರ ಹಲ್ಲಿನಿಂದಲ್ಲ. ಒಂದು ಸೇಲಿನ ದಿನ ಲ್ಯಾಬಿನಲ್ಲಿ ಎಲ್ಲರೂ ರಿಯಾಯಿತಿಗಾಗಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅವನು ಪಾಕೀಟಿನಿಂದ ಐದು ಕಾರ್ಡು ತೆಗೆದು ಇಸ್ಪೀಟಿನ ಎಲೆಗಳಂತೆ ಹರಡಿ ಹಿಡಿದಿದ್ದ. ಒಂದು ಪೆಟ್ರೋಲಿಗೆ, ಒಂದು ಪ್ರಯಾಣಕ್ಕೆ, ಒಂದು ಸಿನಿಮಾಕ್ಕೆ ಎಂದು ಬಣ್ಣ ಬೇರೆ ಬೇರೆ, ಬ್ಯಾಂಕು ಮಾತ್ರ ಒಂದೇ. ‘ಒಂದೇ ಬ್ಯಾಂಕಲ್ಲಿ ಐದು ಯಾಕಯ್ಯಾ?’ ಎಂದು ಯಜಮಾನರು ಕೇಳಿದ್ದಕ್ಕೆ, ‘ಅವರು ಫೋನ್ ಮಾಡಿ ಬೇಕಾ ಅಂತಾರೆ, ಇಲ್ಲ ಅನ್ನೋಕೆ ನಂಗೆ ಬರಲ್ಲ’ ಎಂದಿದ್ದ. ಅಂದಿನಿಂದ ಸೇಲ್ ಬಂತೆಂದರೆ ಎಕ್ಕನ ಮೇಜಿನ ಸುತ್ತ ಜನ. ಅಚ್ಚು ಹೊಯ್ಯುವ ಪ್ಲಾಸ್ಟರಮ್ಮನ ಮೊಮ್ಮಗನ ಸೈಕಲ್ಲು, ಯಜಮಾನರ ಹೆಂಡತಿಯ ಒಲೆ, ಎಲ್ಲ ಎಕ್ಕನ ಕಾರ್ಡಿನ ಮೇಲೇ. ಕಾರ್ಡಿನ ನಂಬರು ಕೊಡುತ್ತಾನೆ, ಅವರು ತಮ್ಮ ಫೋನಿನಲ್ಲಿ ಒತ್ತುತ್ತಾರೆ, ಅವನ ಫೋನಿಗೆ ಓಟಿಪಿ ಬರುತ್ತದೆ, ಅದನ್ನು ಹೇಳುತ್ತಾನೆ. ದುಡ್ಡು ಆಮೇಲೆ ಯಾವಾಗಲಾದರೂ ಕೊಡಬಹುದು. ಒಂದು ದಿನವೂ ಜ್ಞಾಪಿಸಿದವನಲ್ಲ.

ಆ ಸಂದೇಶದಲ್ಲಿ ಅಂಕಿಗಳ ಕೆಳಗೆ ಒಂದು ಸಾಲಿರುತ್ತದೆ: ಇದನ್ನು ಯಾರಿಗೂ ಹೇಳಬೇಡಿ. ಬ್ಯಾಂಕಿನವರಿಗೂ ಹೇಳಬೇಡಿ. ಅವನು ಮಂಚದ ಮೇಲೆ ಮಗ್ಗುಲು ಬದಲಿಸಿ ಅದನ್ನು ನೆನೆದುಕೊಂಡ. ಯಾರಿಗೂ ಹೇಳಬಾರದ್ದನ್ನು ಎಕ್ಕ ತನ್ನ ಹೆಂಡತಿಗೆ ಹೇಳುತ್ತಿದ್ದಾನೆ, ಅವಳು ಅದನ್ನು ಅವನ ಹಿಂದೆಯೇ ತಿರುಗಿ ಹೇಳುತ್ತ ಒತ್ತಿಕೊಳ್ಳುತ್ತಿದ್ದಾಳೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ತಾನು ಹೇಳಿದ ಒಂದು ಮಾತನ್ನಾದರೂ ಅವಳು ಹೀಗೆ ತಿರುಗಿ ಹೇಳಿದ್ದುಂಟೆ? ತಾನು ಹೇಳಿದ್ದಾದರೂ ಏನು? ಉಪ್ಪು ಕಡಿಮೆ, ಬಾಗಿಲು ಹಾಕು, ಲೇಟಾಗತ್ತೆ. ಹೊಟ್ಟೆಕಿಚ್ಚು ಅವನಿಗೆ ಹೊಸದಲ್ಲ. ಬೇರೆಯವರ ಸಂಬಳ, ಬೇರೆಯವರ ತಲೆಗೂದಲು, ಇಂಥವಕ್ಕೆಲ್ಲ ಅವನು ಉರಿದುಕೊಂಡದ್ದುಂಟು. ಇದು ಬೇರೆ. ಇದಕ್ಕೆ ಹೆಸರಿಟ್ಟರೆ ತಾನು ಸಣ್ಣವನಾಗುತ್ತೇನೆ, ಹೆಸರಿಡದಿದ್ದರೆ ಇದು ಒಳಗೇ ಬೆಳೆಯುತ್ತದೆ. ಎಕ್ಕನ ಮೇಲೆ ಅನುಮಾನವೆ? ಛೆ. ಹೆಂಡತಿಯ ಮೇಲೆ? ಅದಂತೂ ಇಲ್ಲವೇ ಇಲ್ಲ. ಹಾಗಿದ್ದರೆ ಏನು? ಮನೆಗೆ ಏನಾದರೂ ಬೇಕೆಂದರೆ ಅವಳ ಮನಸ್ಸು ಮೊದಲು ಯಾರ ಕಡೆ ತಿರುಗುತ್ತದೆ ಎಂಬುದಷ್ಟೇ. ಆ ಜಾಗ ತನ್ನದು ಎಂದುಕೊಂಡು ಅವನು ಇಷ್ಟು ದಿನ ಅದರಲ್ಲಿ ಕಾಲು ಚಾಚಿ ಮಲಗಿದ್ದ. ‘ಆಯ್ತು ರೀ, ಬುಧವಾರ ತಂದ್ಕೊಡ್ತಾರಂತೆ’ ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದಾಗ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಫ್ರಿಜ್ಜು ಬುಧವಾರ ಬಂತು. ತಿಳಿ ನೀಲಿ ಬಣ್ಣ. ಬಾಗಿಲು ತೆಗೆದರೆ ಒಳಗೆ ಹಿತವಾದ ಬೆಳಕು. ಹೆಂಡತಿ ಅದರ ತಟ್ಟೆಗಳನ್ನೆಲ್ಲ ತೆಗೆದು ತೊಳೆದು ಒರೆಸಿ ಮತ್ತೆ ಜೋಡಿಸಿದಳು, ತರಕಾರಿಯ ಡಬ್ಬಿಯನ್ನು ಎಳೆದು ನೂಕಿ ಎಳೆದು ನೋಡಿದಳು. ಮಗು ಶಾಲೆಯಿಂದ ಬಂದದ್ದೇ ಚೀಲವನ್ನೂ ಇಳಿಸದೆ ಅದರ ಎದುರು ನಿಂತು, ‘ಇದು ಎಕ್ಕ ಅಂಕಲ್ ಫ್ರಿಜ್ಜಾ?’ ಎಂದಿತು. ‘ನಮ್ಮದು ಪುಟ್ಟಿ. ಅಂಕಲ್ ಕಾರ್ಡ್ ಕೊಟ್ರು ಅಷ್ಟೆ’ ಎಂದಳು ಹೆಂಡತಿ. ಮಗುವಿಗೆ ಆ ವ್ಯತ್ಯಾಸ ಎಲ್ಲಿ ತಿಳಿಯಬೇಕು. ಎಕ್ಕ ಅಂಕಲ್ ಫ್ರಿಜ್ಜಲ್ಲಿ ನೀರಿದೆ, ಎಕ್ಕ ಅಂಕಲ್ ಫ್ರಿಜ್ಜಲ್ಲಿ ಐಸ್ ಆಗಿದೆ ಎಂದು ಮನೆಯಲ್ಲೆಲ್ಲ ಹೇಳಿಕೊಂಡು ಓಡಾಡಿತು. ಅವನು ಆ ಹಣವನ್ನು ಮಾರನೆಯ ದಿನವೇ ಎಕ್ಕನ ಖಾತೆಗೆ ಹಾಕಿ, ಹಾಕಿದ್ದೇನೆಂದು ಅವನ ಮೇಜಿನವರೆಗೆ ಹೋಗಿ ಹೇಳಿ ಬಂದ. ‘ಏನವಸರ ಇತ್ತು ಗುರುಗಳೇ’ ಎಂದ ಎಕ್ಕ, ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುತ್ತ. ಹಣ ತೀರಿತು, ಆದರೆ ಫ್ರಿಜ್ಜು ಅವನದಾಗಲಿಲ್ಲ. ಬೇಸಿಗೆ ಸುಡುತ್ತಿತ್ತು, ಅವನು ನಲ್ಲಿಯ ಬೆಚ್ಚಗಿನ ನೀರನ್ನೇ ಕುಡಿಯತೊಡಗಿದ. ಹೆಂಡತಿ ಕೇಳಿದ್ದಕ್ಕೆ ಗಂಟಲು ಕೆಟ್ಟಿದೆ ಎಂದ. ಅವಳು ಅದನ್ನು ನಂಬಿ ಉಪ್ಪು ಹಾಕಿದ ಬಿಸಿನೀರು ತಂದುಕೊಟ್ಟಳು. ಇಲ್ಲದ ಕಾಯಿಲೆಗೆ, ಕತ್ತು ಹಿಂದಕ್ಕೆ ಎತ್ತಿ, ಗಳಗಳ ಬಾಯಿ ಮುಕ್ಕಳಿಸುತ್ತ ನಿಂತಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೆಲಸದಲ್ಲೂ ಕೈ ತಪ್ಪಿತು. ಒಬ್ಬ ನಿವೃತ್ತ ಮೇಷ್ಟರ ಸೆಟ್ಟಿನಲ್ಲಿ ಮುಂದಿನ ಹಲ್ಲುಗಳು ಉದ್ದವಾಗಿ, ವೈದ್ಯರು ಅದನ್ನು ಒಂದು ಚೀಟಿಯ ಸಮೇತ ವಾಪಸು ಕಳಿಸಿದರು: ರೋಗಿ ಬಾಯಿ ಮುಚ್ಚಿದರೂ ನಕ್ಕಂತೆ ಕಾಣುತ್ತಾರೆ. ಯಜಮಾನರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಪ್ಲಾಸ್ಟರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಎಕ್ಕ ಮಾತ್ರ ನಗಲಿಲ್ಲ. ಮಧ್ಯಾಹ್ನ ಇವನು ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಆ ಸೆಟ್ಟಿನ ಮೇಣವನ್ನು ಅರ್ಧ ಕರಗಿಸಿ, ಹಲ್ಲುಗಳನ್ನು ಎಷ್ಟು ಬೇಕೋ ಅಷ್ಟು ಒಳಗೆ ತಳ್ಳಿ ಇಟ್ಟಿದ್ದ. ‘ಮೇಷ್ಟ್ರಿಗೆ ಸಿಟ್ಟು ಮಾಡ್ಕೊಳ್ಳೋಕೆ ಮುಖ ಬೇಕಲ್ಲ ಗುರುಗಳೇ’ ಎಂದ. ಅದು ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿ ಕೂರಿಸಲು ತನಗೇ ಆಗುತ್ತಿರಲಿಲ್ಲವೇನೋ. ಥ್ಯಾಂಕ್ಸ್ ಎಂದ. ಎಕ್ಕನ ಕೈ ತಾಗಿದ ಮೇಣ ಇನ್ನೂ ಬೆಚ್ಚಗಿತ್ತು. ಸಂಜೆಯವರೆಗೆ ಆ ಬೆಚ್ಚಗಿನ ವಸಡನ್ನು ತೀಡುತ್ತ ಕೂತವನಿಗೆ, ಈ ಮನುಷ್ಯ ಒಂದು ಸಲವಾದರೂ ಕೆಟ್ಟವನಾಗಬಾರದೆ, ಒಂದು ಸಣ್ಣ ಸುಳ್ಳು ಹೇಳಿ ಸಿಕ್ಕಿಬೀಳಬಾರದೆ, ತನ್ನ ಹೆಂಡತಿಯ ಮೇಲೆ ಒಂದು ಜೊಲ್ಲಿನ ನೋಟ ಹಾಯಿಸಬಾರದೆ, ಹಾಗೇನಾದರೂ ಆದರೆ ತಾನೆಷ್ಟು ಹಗುರವಾಗಿ ಮನೆಗೆ ಹೋಗಬಹುದು ಎಂದೆಲ್ಲ ಅನ್ನಿಸಿತು. ಹೆಂಡತಿಯನ್ನೇ ಪಣಕ್ಕಿಟ್ಟಂತಾಯಿತಲ್ಲ ಇದು ಎಂದು ಹೊಳೆದದ್ದು ಬಸ್ಸಿನಲ್ಲಿ. ಹೊಳೆದರೂ ಬಯಕೆ ಹೋಗಲಿಲ್ಲ.

ಕಾರ್ಡಿಗೆ ಅರ್ಜಿ ಹಾಕಿದ್ದು ಅದೇ ವಾರ. ಬೇರೆ ಬ್ಯಾಂಕಿನದು ಬೇಕಿರಲಿಲ್ಲ, ಅದೇ ಬ್ಯಾಂಕಿನದೇ ಬೇಕು. ಎಕ್ಕನ ಕೈಯಲ್ಲಿ ಇರುವಂಥದ್ದೇ. ಪ್ರಯಾಣದ್ದೊಂದು, ಸಿನಿಮಾದ್ದೊಂದು. ಅವನು ಪ್ರಯಾಣ ಮಾಡುವವನೂ ಅಲ್ಲ, ಸಿನಿಮಾದಲ್ಲಿ ಅರ್ಧಕ್ಕೇ ನಿದ್ದೆಹೋಗುವವನು. ಬ್ಯಾಂಕಿನಿಂದ ಫೋನ್ ಮಾಡಿದ ಹುಡುಗಿ ಬಹಳ ನಯವಾಗಿ ಮಾತಾಡಿದಳು. ‘ಕಾರ್ಡ್ ಮೂರಾದ್ರೂ ಲಿಮಿಟ್ಟು ಒಂದೇ ಇರತ್ತೆ ಸರ್. ಈಗ ಎಷ್ಟಿದೆಯೋ ಅಷ್ಟೇ, ಮೂರಕ್ಕೂ ಸೇರಿ.’ ‘ಅಂದ್ರೆ ಹೆಚ್ಚಾಗಲ್ವಾ?’ ‘ಇಲ್ಲ ಸರ್. ಒಂದೇ ಟ್ಯಾಂಕಿಗೆ ಮೂರು ನಲ್ಲಿ ಇದ್ದ ಹಾಗೆ. ಪರವಾಗಿಲ್ವಾ?’ ಅವನು ಬೆಳಿಗ್ಗೆಯಿಂದ ಮೂರು ಟ್ಯಾಂಕುಗಳ ಕನಸು ಕಂಡಿದ್ದ. ಪೆಚ್ಚಾದರೂ, ‘ಗೊತ್ತು, ಗೊತ್ತು. ಕಳಿಸಿ’ ಎಂದ. ಸೇಲಿನವರು ಲೆಕ್ಕ ಹಾಕುವುದು ನಲ್ಲಿಯನ್ನು, ಟ್ಯಾಂಕನ್ನಲ್ಲ. ಮೂರು ಕಾರ್ಡೆಂದರೆ ಮೂರು ರಿಯಾಯಿತಿ. ಇನ್ನು ಮೇಲೆ ಅವಳು ಯಾರನ್ನೂ ಕೇಳಬೇಕಿಲ್ಲ. ಹೊಸ ಕಾರ್ಡುಗಳು ಬಂದ ದಿನ ಅವನು ಹಳೆಯದನ್ನೂ ಸೇರಿಸಿ ಮೂರನ್ನೂ ಊಟದ ಮೇಜಿನ ಮೇಲೆ, ಅವಳ ಕಣ್ಣಿಗೆ ಬೀಳುವ ಹಾಗೆ, ಆದರೆ ಬೀಳಲೆಂದು ಇಟ್ಟದ್ದೆಂದು ಗೊತ್ತಾಗದ ಹಾಗೆ ಇಟ್ಟ. ಅವಳು ಮೇಜು ಒರೆಸುತ್ತ ಒಂದನ್ನು ಎತ್ತಿ ನೋಡಿದಳು.

‘ಇದೇನ್ರೀ, ಮೂರು ಯಾಕೆ? ಒಂದೇ ಬ್ಯಾಂಕಿಂದಲ್ವಾ ಎಲ್ಲಾ?’

‘ಇರ್ಲಿ ಅಂತ. ಸೇಲ್ ಟೈಮಲ್ಲಿ ಬೇಕಾಗತ್ತಲ್ಲ ನಿಂಗೆ.’

‘ನಂಗೇನು ಬೇಕು ಈಗ. ಫ್ರಿಜ್ಜಾಯ್ತಲ್ಲ,’ ಎಂದು ಅವಳು ಒದ್ದೆ ಬಟ್ಟೆಯನ್ನು ಕಾರ್ಡುಗಳ ಸುತ್ತ ಹಾಯಿಸಿಕೊಂಡು ಮುಂದೆ ಹೋದಳು. ಆಮೇಲೆ ಏನೋ ನೆನಪಾದವಳಂತೆ ತಿರುಗಿ, ‘ಎಕ್ಕ ಅವರನ್ನ ನೋಡಿ ಮಾಡಿಸಿದ್ರಾ?’ ಎಂದಳು. ಕೇಳಿದ್ದರಲ್ಲಿ ಕುಹಕವಿರಲಿಲ್ಲ, ಬರಿಯ ತಮಾಷೆ. ‘ಎಕ್ಕನ್ನ ನೋಡಿ ನಾನ್ಯಾಕೆ ಮಾಡಿಸ್ಲಿ? ಆ ಮನುಷ್ಯನ ವಿಷಯ ಎಲ್ಲದಕ್ಕೂ ಯಾಕೆ ತರ್ತೀಯ?’ ಎಂದ, ತಾನು ಅಂದುಕೊಂಡಿದ್ದಕ್ಕಿಂತ ಜೋರಾಗಿ. ಅವಳು ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನನ್ನು ನೋಡಿದಳು. ನಾಲ್ಕು ವರ್ಷದ ಮಕ್ಕಳಿಗೆ ಶಾಲೆಯಲ್ಲಿ ಅಕ್ಷರ ತಿದ್ದಿಸುವವಳು ಅವಳು; ಯಾವ ಮಗು ಯಾಕೆ ಅಳುತ್ತಿದೆ ಎಂದು ಹೇಳದೆಯೇ ತಿಳಿದುಕೊಳ್ಳುವುದು ಅವಳ ಕಸುಬು. ಆ ನೋಟಕ್ಕೆ ಸಿಕ್ಕಿಬೀಳಬಾರದೆಂದು ಅವನು ಕಾರ್ಡುಗಳನ್ನು ಬಾಚಿ ಪಾಕೀಟಿಗೆ ತುಂಬಿಕೊಂಡ. ಅಂದಿನಿಂದ ಅವಳ ಬಾಯಲ್ಲಿ ಎಕ್ಕನ ಹೆಸರು ನಿಂತುಹೋಯಿತು. ಅವನಿಗೆ ಅದೂ ತಡೆಯಲಾಗಲಿಲ್ಲ. ಹೆಸರು ಹೇಳುತ್ತಿದ್ದಾಗ ಅದು ಬಾಯಲ್ಲಿತ್ತು, ಈಗ ಎಲ್ಲಿದೆ?

ಮುಂದಿನ ಸೇಲ್ ಬಂತು. ಅಂದು ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲ್ಯಾಬಿಗೆ ಹೋದ. ಬೆಳಿಗ್ಗೆಯ ಟೀ ಹೊತ್ತಿಗೆ ಎಂದಿನಂತೆ ಜನ ಕಿಟಕಿಯ ಕಡೆ ಸರಿದರು. ಎಕ್ಕನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕುಂಚ. ‘ತಡೀರಿ, ಒಬ್ಬೊಬ್ಬರೇ, ಹಲ್ಲು ಒಣಗತ್ತೆ’ ಎಂದು ನಗುತ್ತಿದ್ದ. ಇವನು ಪಾಕೀಟು ತೆಗೆದು, ಬೇರೆ ಏನನ್ನೋ ಹುಡುಕುವವನಂತೆ, ಮೂರೂ ಕಾರ್ಡುಗಳನ್ನು ಟೀ ಲೋಟದ ಪಕ್ಕ ಒಂದರ ಮೇಲೊಂದು ಜಾರಿಸಿಟ್ಟ. ಯಾರೂ ನೋಡಲಿಲ್ಲ. ಕೊನೆಗೆ, ಮೈಮೇಲೆಲ್ಲ ಬಿಳಿ ಹುಡಿ ಮೆತ್ತಿಕೊಂಡು ಸರದಿಯ ತುದಿಯಲ್ಲಿ ನಿಂತಿದ್ದ ಪ್ಲಾಸ್ಟರಮ್ಮನನ್ನು, ‘ನಿಮಗೇನು ಬೇಕಿತ್ತಮ್ಮಾ? ನನ್ನ ಹತ್ರಾನೂ ಇದೆ ಅದೇ ಬ್ಯಾಂಕಿಂದು. ಮೂರಿದೆ’ ಎಂದು ಕರೆದ. ಕರೆದ ಮೇಲೆ ಮೂರು ಎಂಬ ಮಾತು ಬೇಡವಾಗಿತ್ತು ಅನ್ನಿಸಿತು. ಅವಳು ಕಾರ್ಡುಗಳನ್ನೂ ಅವನ ಮುಖವನ್ನೂ ನೋಡಿ, ‘ಅಯ್ಯೋ, ನಿಮಗ್ಯಾಕಪ್ಪ ತೊಂದ್ರೆ. ನೀವು ಸಂಸಾರಸ್ಥರು. ಎಕ್ಕ ಹೇಗೂ ಇದಾನಲ್ಲ’ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕೊಡುವವನೆಂದು ಒಬ್ಬನನ್ನು ಜನ ಒಪ್ಪಿಕೊಂಡ ಮೇಲೆ ಇನ್ನೊಬ್ಬ ಕೊಡಲು ಬಂದರೆ ಅದು ಅವರಿಗೆ ಸಾಲದಂತೆ ಕಾಣುತ್ತದೆ, ತನ್ನ ಮುಖದಲ್ಲಿ ಅದಾಗಲೇ ಬಡ್ಡಿ ಕಾಣುತ್ತಿರಬೇಕು, ಎಂದು ಯೋಚಿಸುತ್ತ ಅವನು ತಣ್ಣಗಾದ ಟೀ ಕುಡಿದ. ಕಾರ್ಡುಗಳ ಮೇಲೆ ಟೀ ಲೋಟದ ಒದ್ದೆ ಗುರುತು ಬಿದ್ದಿತ್ತು, ಅಂಗಿಯ ಅಂಚಿನಿಂದ ಒರೆಸಿ ಒಳಗಿಟ್ಟುಕೊಂಡ. ಆ ದಿನ ಅವನು ಕೂರಿಸಿದ ಹಲ್ಲುಗಳು ಒಂದೂ ಕೆಡಲಿಲ್ಲ. ಸಿಟ್ಟಿನಲ್ಲಿ ಅವನ ಕೈ ಚೆನ್ನಾಗಿ ಓಡುತ್ತಿತ್ತು.

ಸಂಜೆ ಮನೆಯಲ್ಲಿ ಮಗು ನೆಲದ ಮೇಲೆ ಚಿತ್ರಕ್ಕೆ ಬಣ್ಣ ತುಂಬುತ್ತಿತ್ತು. ಹೆಂಡತಿ ಸೋಫಾದ ಮೇಲೆ ಒಗೆದ ಬಟ್ಟೆ ರಾಶಿ ಹಾಕಿಕೊಂಡು ಮಡಚುತ್ತಿದ್ದಳು. ಅವನು ಅವಳ ಪಕ್ಕದಲ್ಲೇ ಕೂತು ಒಂದು ಕಾಲುಚೀಲದ ಜೊತೆ ಹುಡುಕುತ್ತಿದ್ದಾಗ ಫೋನ್ ಬಂತು. ಎಕ್ಕ. ಅವನ ಹೆಸರು ಪರದೆಯ ಮೇಲೆ ಮೂಡಿದ್ದನ್ನು ಹೆಂಡತಿಯೂ ನೋಡಿದಳು. ನೋಡಿ ದಿಂಬಿನ ಚೀಲವೊಂದನ್ನು ಕೊಡವಿದಳು.

‘ಗುರುಗಳೇ, ಒಂದು ಉಪಕಾರ ಆಗ್ಬೇಕಿತ್ತಲ್ಲ,’ ಎಂದ ಎಕ್ಕ. ‘ನಂದು ಐದೂ ಖಾಲಿಯಾಗೋಯ್ತು ಬೆಳಿಗ್ಗೇನೇ. ನಮ್ಮಕ್ಕಂಗೆ ಬೆನ್ನು ನೋವು ಜಾಸ್ತಿ ಆಗಿದೆ, ಗಟ್ಟಿ ಹಾಸಿಗೆ ತಗೊಳ್ಳಿ ಅಂದಿದಾರೆ ಡಾಕ್ಟ್ರು. ಸೇಲ್ ಇವತ್ತೇ ಮುಗಿಯತ್ತೆ. ನಿಮ್ಮ ಹತ್ರ ಮೂರಿದೆ ಅಂತ ಪ್ಲಾಸ್ಟರಮ್ಮ ಹೇಳಿದ್ರು. ಕೇಳೋಕೆ ಒಂಥರಾ ಆಗತ್ತೆ.’

ಅವನು ನೆಟ್ಟಗೆ ಕೂತ. ಎಕ್ಕ ಕೇಳುತ್ತಿದ್ದಾನೆ. ಎಕ್ಕನಿಗೆ ಒಂಥರಾ ಆಗುತ್ತಿದೆ. ಹೆಂಡತಿಗೆ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿ ಎದುರಿನ ಮೇಜಿನ ಮೇಲಿಟ್ಟು, ‘ಅದರಲ್ಲೇನಿದೆ ಮಾರಾಯಾ, ತಗೋ’ ಎಂದ. ಬಹುವಚನ ತಾನಾಗಿ ಉದುರಿಹೋಗಿತ್ತು. ಪಾಕೀಟು ತೆಗೆದು ಮೂರರಲ್ಲಿ ಯಾವುದೆಂದು ಸ್ವಲ್ಪ ಹೊತ್ತು ಆರಿಸಿದ. ಪ್ರಯಾಣದ ಕಾರ್ಡಿನ ನಂಬರನ್ನು ಬಿಡಿಸಿ ಬಿಡಿಸಿ ಹೇಳಿದ. ಎಕ್ಕ ಒಂದೊಂದನ್ನೂ ತಿರುಗಿ ಹೇಳಿದ. ಹೆಂಡತಿ ಅವನ ಕಡೆ ನೋಡಿ ಸಣ್ಣಗೆ ನಕ್ಕಳು. ಎಷ್ಟೋ ದಿನದ ಮೇಲೆ, ಆ ಮೂಗಿನ ನಗು. ಅವನು ಬಯಸಿದ್ದು ಇದನ್ನೇ. ಅದು ಈಗ ಕೈಯಲ್ಲೇ ಇತ್ತು. ಆದರೆ ಕೈಗೆ ಬಂದ ಕೂಡಲೇ, ಈ ನಗು ನನಗೆ ಬಂದದ್ದೋ ಅಥವಾ ಎಕ್ಕನಿಗೆ ಉಪಕಾರವಾಯಿತೆಂದು ಬಂದದ್ದೋ ಎಂಬ ಹುಳು ಹೊಕ್ಕಿತು. ಅಷ್ಟರಲ್ಲಿ ಫೋನು ಟಿಣ್ ಎಂದಿತು, ಪರದೆಯ ಮೇಲ್ತುದಿಯಲ್ಲಿ ಸಂದೇಶ ಇಳಿಯಿತು. ಆರು ಅಂಕಿ, ಕೆಳಗೆ, ಯಾರಿಗೂ ಹೇಳಬೇಡಿ.

ಅವನು ಓದಿದ. ಎರಡು, ಎಂಟು, ಎಂಟು, ಸೊನ್ನೆ, ಐದು. ಕೊನೆಯದು ಮೂರು. ಅವನ ಬಾಯಿಂದ ಬಂದದ್ದು ಏಳು. ಬೇಕೆಂದೇ ಹೇಳಿದನೆ? ಆ ಕ್ಷಣ ಯಾರಾದರೂ ಹಿಡಿದು ಕೇಳಿದ್ದರೆ, ನಾಲಿಗೆ ತೊಡರಿತು ಎಂದೇ ಹೇಳುತ್ತಿದ್ದ, ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ‘ತಪ್ಪು ಅಂತ ಬರ್ತಿದೆ ಗುರುಗಳೇ,’ ಎಂದ ಎಕ್ಕ ಒಂದು ಗಳಿಗೆ ಬಿಟ್ಟು. ‘ನಾನೇ ಏನೋ ತಪ್ಪು ಒತ್ತಿದೆ ಅನ್ಸತ್ತೆ. ಇನ್ನೊಂದು ಕಳಿಸೋಕೆ ಕೇಳ್ತೀನಿ.’ ಇನ್ನೊಂದು ಬಂತು. ಈ ಸಲ ಅವನಿಗೆ ಎಲ್ಲ ನಿಚ್ಚಳವಾಗಿತ್ತು. ನಾನೇ ತಪ್ಪು ಒತ್ತಿದೆ ಎಂದು ಹೇಳಿದನಲ್ಲ, ತಪ್ಪನ್ನೂ ಬಿಟ್ಟುಕೊಡದೆ ತಾನೇ ಹೊತ್ತುಕೊಂಡನಲ್ಲ, ಆ ಒಂದು ಮಾತು ಸಾಕಾಯಿತು. ಹೊರಲಿ, ಇನ್ನೊಂದನ್ನೂ ಹೊರಲಿ. ಮೂರು ಸಲ ತಪ್ಪಾದರೆ ಕಾರ್ಡು ತಾನೇ ಮುಚ್ಚಿಕೊಳ್ಳುತ್ತದೆ, ಸೇಲ್ ಮುಗಿಯುತ್ತದೆ, ಎಕ್ಕ ಒಂದು ದಿನವಾದರೂ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಅವನು ಅಂಕಿಗಳನ್ನು ಮೇಷ್ಟರಂತೆ ತಡೆತಡೆದು ಹೇಳಿದ, ಮಧ್ಯದ ಒಂಬತ್ತನ್ನು ಆರು ಮಾಡಿ. ಆ ಕಡೆಯಿಂದ ಒತ್ತುವ ಸಣ್ಣ ಸದ್ದು.

‘ಇಲ್ಲ ಗುರುಗಳೇ, ಆಗ್ತಿಲ್ಲ. ಕನ್ನಡಕ ಒಳಗಿಟ್ಟು ಬಂದಿದೀನಿ, ಅದಕ್ಕೇ ಅನ್ಸತ್ತೆ, ಆರು ಯಾವುದು ಒಂಬತ್ತು ಯಾವುದು ಗೊತ್ತಾಗ್ತಿಲ್ಲ. ಬಿಡಿ, ನಿಮಗೆ ತೊಂದ್ರೆ. ಸುಮ್ಮನೆ ನಿಮ್ಮ ಕಾರ್ಡ್ ಬ್ಲಾಕ್ ಆಗ್ಬಿಟ್ರೆ ಕಷ್ಟ.’

‘ಇನ್ನೊಂದ್ಸಲ ಕಳಿಸೋಕೆ ಹೇಳಿ ಎಕ್ಕ ಅವ್ರೇ,’ ಎಂದಳು ಹೆಂಡತಿ. ಅವಳ ದನಿ ಮೆತ್ತಗಿತ್ತು. ಮಡಚುತ್ತಿದ್ದ ಬಟ್ಟೆ ಅವಳ ಮಡಿಲಲ್ಲಿ ಅರ್ಧಕ್ಕೇ ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ. ‘ನಾನು ಓದ್ತೀನಿ.’

ಫೋನು ಟಿಣ್ ಎಂದಿತು. ಅವಳು ಮುಂದೆ ಬಾಗಿ, ಫೋನನ್ನು ಅವನ ಕೈಯ ಹತ್ತಿರದಿಂದ ತನ್ನ ಕಡೆಗೆ ಎಳೆದುಕೊಂಡು, ಓದಿದಳು. ಅವನೂ ಪರದೆಯನ್ನೇ ನೋಡುತ್ತಿದ್ದ. ಏಳು ಇದ್ದಲ್ಲಿ ಏಳು ಎಂದಳು, ಒಂದು ಇದ್ದಲ್ಲಿ ಒಂದು ಎಂದಳು. ಆ ಕಡೆ ಎಕ್ಕ ಒಂದೊಂದನ್ನೂ ತಿರುಗಿ ಹೇಳಿದ. ‘ಹ್ಞಾಂ, ಆಯ್ತಮ್ಮ. ಹೋಯ್ತು. ಶುಕ್ರವಾರ ಬರತ್ತಂತೆ. ಅವರಿಗೂ ಥ್ಯಾಂಕ್ಸ್ ಹೇಳಿ, ಪಾಪ, ನನ್ನಿಂದ ಎರಡೆರಡು ಸಲ ಓದೋ ಹಾಗಾಯ್ತು.’

‘ಹೇಳ್ತೀನಿ. ಅಕ್ಕನ್ನ ಹುಷಾರಾಗಿ ನೋಡ್ಕೊಳ್ಳಿ.’

ಅವಳು ಫೋನನ್ನು ಆರಿಸಿ ಮೇಜಿನ ಮೇಲೆ ಬೋರಲು ಹಾಕಿದಳು. ಮಗು ನೀಲಿ ಬಣ್ಣ ಮುಗಿದುಹೋಯಿತೆಂದು ಯಾರಿಗೋ ಹೇಳಿಕೊಂಡಿತು. ಹೆಂಡತಿ ಬಯ್ಯುತ್ತಾಳೆಂದು ಅವನು ಕಾದ. ಬಯ್ದರೆ ಹೇಳಬೇಕಾದ ಮಾತೂ, ಮೇಲೆ ಬೀಳಬೇಕಾದ ರೀತಿಯೂ ಅವನಲ್ಲಿ ಸಿದ್ಧವಾಗಿದ್ದವು, ನೀನು ಅವತ್ತು ಯಾಕೆ ನಕ್ಕೆ ಎಂಬಲ್ಲಿಂದ ಶುರುಮಾಡುವುದು. ಅವಳು ಮಡಿಲಿನ ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಚಿ, ಕಾಲರನ್ನು ಅಂಗೈಯಿಂದ ತಟ್ಟಿ ಸರಿಮಾಡಿದಳು. ಅವನದೇ ಅಂಗಿ, ಬೆಳಿಗ್ಗೆ ತೊಟ್ಟುಹೋಗಿದ್ದಂಥದ್ದೇ ಇನ್ನೊಂದು.

‘ಎಕ್ಕ ಅವರು ಕನ್ನಡಕ ಹಾಕ್ತಾರಾ?’ ಎಂದಳು.

ಕಿಟಕಿಯ ಪಕ್ಕದ ಮೇಜು ಅವನ ಕಣ್ಣೆದುರು ಬಂತು. ಬೆಳಕಿಗೆ ಹಿಡಿದ ಹಲ್ಲು, ಅದನ್ನು ಬರಿಗಣ್ಣಿನಿಂದ ನೋಡುತ್ತಿರುವ ಆ ಮುಖ. ಹೌದು ಎಂದುಬಿಡಬಹುದಿತ್ತು, ಅವಳು ಲ್ಯಾಬಿಗೆ ಬಂದು ನೋಡುವವಳಲ್ಲ.

‘ಇಲ್ಲ,’ ಎಂದ.

ಅವಳು ತಲೆಯಾಡಿಸಿದಳು. ಮಗಳ ಬಟ್ಟೆ, ತನ್ನ ಬಟ್ಟೆ ಎರಡನ್ನೂ ಎತ್ತಿ ಎದೆಗೊತ್ತಿಕೊಂಡು ಒಳಗೆ ಹೋದಳು. ಅವನ ಅಂಗಿಗಳ ಸಣ್ಣ ರಾಶಿ ಸೋಫಾದ ಮೇಲೇ ಉಳಿಯಿತು, ನೀಟಾಗಿ ಮಡಚಿದ್ದು. ಎಕ್ಕನಿಗೆ ಮೊದಲ ಸಲವೇ ಗೊತ್ತಾಗಿತ್ತೋ ಎರಡನೆಯ ಸಲವೋ ಎಂದು ಅವನು ಯೋಚಿಸುತ್ತ ಕೂತ. ನಾಳೆ ಲ್ಯಾಬಿಗೆ ಹೋದಾಗ ಎಕ್ಕ ಕುಂಚ ಎತ್ತಿ, ಎಂದಿನ ಹಾಗೇ, ಏನೂ ಆಗದವನಂತೆ, ಬನ್ನಿ ಗುರುಗಳೇ ಎನ್ನುತ್ತಾನೆ, ಅದು ಖಂಡಿತ. ಒಮ್ಮೆಯಾದರೂ ಅವನು ಬಾಯಿಬಿಟ್ಟು ಬಯ್ದರೆ ತಾನು ಉಳಿದುಕೊಂಡೇನು, ಬಯ್ಯುವುದಿಲ್ಲ ಅವನು, ಎಂದುಕೊಂಡಾಗ ಹೊಟ್ಟೆಯೊಳಗೆ ಅದೇ ಹಳೆಯ ಉರಿ ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ.